ಬಂದೂಕಿನ ಹಣೆಗೆ ಕುಂಕುಮ

ನಮ್ಮ ಮಾವನವರ ಬಂದೂಕು ಹಂದಿ ಹೊಡೆದದ್ದನ್ನು ನಾನು ಕಂಡಿಲ್ಲ. ಲೈಸೆನ್ಸಿನಲ್ಲಿ ಬೆಳೆ ಕಾಯಲು ಎಂದಿತ್ತು; ಹಂದಿಗಳು ಅದನ್ನು ಓದಿರಲಿಕ್ಕಿಲ್ಲ, ಕಬ್ಬು ನಿಶ್ಚಿಂತೆಯಿಂದ ತಿನ್ನುತ್ತಿದ್ದವು. ಅದರ ನಿಜವಾದ ಕೆಲಸ ವರ್ಷಕ್ಕೊಂದೇ. ದಸರೆಯ ಸಂಜೆ ಪಲ್ಲಕ್ಕಿ ಊರ ಸೀಮೆ ದಾಟುವಾಗ ಆಕಾಶಕ್ಕೊಂದು ಬಾರು ಹಾರಿಸಬೇಕು, ಆಮೇಲೆಯೇ ಜನ ಬನ್ನಿ ಕೊಟ್ಟು ತಗೊಳ್ಳಬೇಕು. ರಾಯಬಾಗ ಕಡೆಯ ನಮ್ಮೂರಲ್ಲಿ ಅದು ನಮ್ಮ ಮನೆಯ ಮಾನ.

ನಾನು ಸೊಸೆಯಾಗಿ ಬಂದ ಮೇಲಿನ ಎರಡು ದಸರೆಯಲ್ಲೂ ಆ ಮಾನ ಹಾರಲಿಲ್ಲ. ಕುದುರೆ ಎನ್ನುವ ಬಂದೂಕಿನ ಸುತ್ತಿಗೆ ಬೀಳುತ್ತಿತ್ತು, ಅದರಡಿಯ ಕಿಡಿಯ ಕೇಪು ಚಟ್ ಎನ್ನುತ್ತಿತ್ತು, ಅಷ್ಟೇ. ಊರೆಲ್ಲ ಕಿವಿ ಮುಚ್ಚಿಕೊಂಡು ಕಾದು, ಕೈ ಇಳಿಸಿತು.

"ಈ ಸಲನೂ ಹಿಂಗ ಆತಂದ್ರ ಮಾನ ನಮ್ಮ ಮನಿಗೆ ಕೊಡ್ರಿ" ಎಂದು ಮಾವನವರ ದೊಡ್ಡಪ್ಪನ ಮಗ ಪಂಚರೆದುರು ಹೇಳಿಬಿಟ್ಟರು. ಅವರ ಹತ್ತಿರವೂ ಬಂದೂಕಿತ್ತು. ದುರ್ದೈವಕ್ಕೆ ಅದು ಹಾರುತ್ತಿತ್ತು.

ಮಾವನವರು ಮದ್ದು ಹಸಿ ಅಂದರು. ನನ್ನ ಗಂಡ ಸ್ಪ್ರಿಂಗ್ ಸಡಿಲ ಅಂದರು. ಅತ್ತೆ ದೃಷ್ಟಿ ಅಂದರು. ಮೂರನೆಯ ದಸರೆಗೆ ಎರಡು ದಿನ ಮೊದಲು ನಿಪ್ಪಾಣಿಯಿಂದ ಬಂದೂಕು ರಿಪೇರಿಯ ಮಿಸ್ತ್ರಿಯನ್ನು ಕರೆಸಿದರು.

"ಕಾಕಾ, ಇದು ಬಂದೂಕ ಅಲ್ರಿ, ಊದಿನಕಡ್ಡಿ ಸ್ಟ್ಯಾಂಡ್ ಆಗೇತಿ" ಎಂದ ಆತ. "ನಿಪ್ಪಲ್ ಬಿರದೈತಿ. ಬಾಯಿ ಸವದೈತಿ."

ಕಾನ್ವೆಂಟಿನಲ್ಲಿ ಓದಿದವಳು ನಾನು, ಆ ಮಾತಿಗೆ ಗೋಡೆ ನೋಡಿದೆ. ಬೇರೆ ಯಾರಿಗೂ ಏನೂ ಅನಿಸಲಿಲ್ಲ. ಅಡುಗೆಮನೆಯ ಪಂಪ್ ಸ್ಟೋವಿಗೂ ಅದೇ ಹೆಸರಿನದೊಂದು ಇರುತ್ತದಲ್ಲ. ಬಂದೂಕಿನಲ್ಲಿ ಅದು ಕೇಪು ಕೂಡಿಸುವ, ತೂತಿರುವ ಪುಟ್ಟ ಮೊಳೆ. ಕೇಪಿನ ಕಿಡಿ ಆ ತೂತಿನಿಂದಲೇ ಮದ್ದಿಗೆ ಇಳಿಯಬೇಕು.

ಹೊಸದನ್ನು ತಿರುವಿ ಹಿತ್ತಲಲ್ಲಿ ಹಾರಿಸಿದರು. ಢಂ! ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಮಾವನವರು ಮೀಸೆ ತಿರುವಿದರು.

ಮಿಸ್ತ್ರಿ ಬಿಸಾಕಿದ ಹಳೆಯ ಮೊಳೆಯನ್ನು ನಾನು ಎತ್ತಿಕೊಂಡೆ. ಕೂದಲೆಳೆಯಂಥ ಬಿರುಕು ನಿಜವೇ. ಆದರೆ ತೂತು ಪೂರಾ ಕಟ್ಟಿತ್ತು. ಆತ ಅದನ್ನು ಜಂಗು, ತುಕ್ಕು ಅಂದಿದ್ದ. ಜಂಗು ಉಗುರಿಗೆ ಇಷ್ಟು ಮೆತ್ತಗೆ ಬರುವುದಿಲ್ಲ, ಶೇಂಗಾ ಎಣ್ಣೆಯ ವಾಸನೆಯಂತೂ ಹೊಡೆಯುವುದೇ ಇಲ್ಲ.

ಮರುದಿನ ಖಂಡೆಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಈ ಸಲ ಹತ್ತಿರ ನಿಂತದ್ದಕ್ಕೆ ಎಲ್ಲ ತಿಳಿಯಿತು. ನಾನು ಬರುವ ಮೊದಲು ಮಾವನವರ ತಾಯಿ ಬಂದೂಕಿಗೆ ಬರೀ ಹೂವೇರಿಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪೂಜೆ ಅತ್ತೆಯ ಕೈಗೆ ಬಂದಿತ್ತು. ಅತ್ತೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿಂದ ಹೊಸ ನಿಪ್ಪಲಿನ ಬಾಯಿಗೇ ಒತ್ತಿದರು.

"ಹಣಿ ಇಲ್ಲೈತಿ ನೋಡವಾ."

"ಅತ್ತಿ, ಹಿಡಿಕಿಗೆ ಹಚ್ಚಿದ್ರ ಹೆಂಗ್ರಿ?"

"ಹಿಡಿಕಿ ಅಂದ್ರ ಕುಂಡಿ ಆತು. ಕುಂಡಿಗೆ ಯಾರರ ಕುಂಕುಮ ಹಚ್ತಾರೇನ? ನಿಮ್ಮ ಕಾನ್ವೆಂಟನ್ಯಾಗ ಹಚ್ತಿದ್ರೇನ?"

ನಮ್ಮ ಸಿಸ್ಟರುಗಳ ಮುಖ ನೆನೆದು ಊದಿನಕಡ್ಡಿ ಹಚ್ಚಿಕೊಟ್ಟೆ.

ದಸರೆಯ ಮಧ್ಯಾಹ್ನ ಗಂಡಸರು ಹೋಳಿಗೆ ತಿಂದು ಉರುಳಿಕೊಂಡಿದ್ದರು, ಅತ್ತೆ ನೆರೆಮನೆಗೆ ಹೋಗಿದ್ದರು. ದೇವರ ಮುಂದೆ ಒರಗಿಸಿದ್ದ ಬಂದೂಕಿಗೆ ಇನ್ನೂ ಮದ್ದು ತುಂಬಿರಲಿಲ್ಲ. ಸ್ಟೋವಿನ ಪಿನ್ನು ತಂದು ತೂತಿಗೆ ಚುಚ್ಚಿ ಎಳೆದೆ. ಕೆಂಪು ಮುದ್ದೆ ಬಂತು. ಮತ್ತೆ ಚುಚ್ಚಿದೆ, ಒರೆಸಿದೆ, ಊದಿದೆ. ಹಣೆ ಬೋಳಾಗಿ ಕಂಡೀತೆಂದು ಪಕ್ಕದ ಕಬ್ಬಿಣಕ್ಕೆ ಗೋಧಿಕಾಳಿನಷ್ಟು ಕುಂಕುಮ ಇಟ್ಟೆ.

ಸಂಜೆ ಸೀಮೆಯಲ್ಲಿ ಮಾವನವರು ಮದ್ದು ಜಡಿದು, ಕೇಪು ಕೂಡಿಸಿ, ಕಣ್ಣು ಮುಚ್ಚಿದರು. ಢಂ! ಪಲ್ಲಕ್ಕಿ ಹೊತ್ತವರು ಎರಡು ಹೆಜ್ಜೆ ತಪ್ಪಿದರು. ದೊಡ್ಡಪ್ಪನ ಮಗ ಒಬ್ಬರೇ ಕಿವಿ ಮುಚ್ಚಿಕೊಂಡಿರಲಿಲ್ಲ. ಪಾಪ, ಹಾರುವುದಿಲ್ಲವೆಂದು ಅಷ್ಟು ನಂಬಿಕೆ.

ಬನ್ನಿ ಕೊಡಲು ಬಂದವರಿಂದ ಅಂಗಳ ತುಂಬಿತು. "ಎಲ್ಲಾ ನಮ್ಮಾಕಿ ಪೂಜಿ ಜೋರು" ಎಂದು ಮಾವನವರು ಸಾರುತ್ತಿದ್ದರು. ಒಳಗೆ ಅತ್ತೆ ಚಹಾಕ್ಕೆ ಸ್ಟೋವ್ ಹಚ್ಚಿದರೆ ಅದು ಹೊತ್ತಲೊಲ್ಲದು. ಪಿನ್ನು ಎತ್ತಿಕೊಂಡರು. ತುದಿಯೆಲ್ಲ ಕೆಂಪು. ಮೂಸಿ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಅದನ್ನು ಸೆರಗಿಗೆ ಒರೆಸಿ ಸ್ಟೋವಿಗೆ ಚುಚ್ಚಿದರು.

"ಸಕ್ರಿ ಡಬ್ಬಿ ಕೊಡು."

ಮರುವರ್ಷ ಖಂಡೆಪೂಜೆಯಲ್ಲಿ ಅತ್ತೆ ಬಂದೂಕನ್ನು ತಿರುಗಿಸಿ ಹಿಡಿದು, ಹಿಡಿಕೆಗೆ ಕುಂಕುಮ ಬಳಿದರು. ಮಾವನವರು ಯಾಕೆಂದು ಕೇಳಿದರು.

"ಈ ವರ್ಷ ಹಣಿ ಈ ಕಡೆ ಐತ್ರಿ" ಎಂದರು ಅತ್ತೆ.