ಸಂಗಣ್ಣ ಕಟ್ಟಿಸಿದ ದೇವಕಮ್ಮನ ಮನೆ

ಎರಡು ಸಾವಿರದ ಹತ್ತೊಂಬತ್ತರ ಮಳೆಗಾಲದಲ್ಲಿ ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿದಾಗ ಕೃಷ್ಣೆ ಸುರಪುರ ಸೀಮೆಯ ಒಂದು ಹೊಳೆದಂಡೆಯ ಊರೊಳಗೆ ನುಗ್ಗಿ, ದೇವಕಮ್ಮನ ಮಣ್ಣಿನ ಮನೆಯನ್ನು ಕೆಡವಿ ಹೋಯಿತು. ಗಂಡ ಸತ್ತ ಮೇಲೆ ಆಕೆ ಕಾಲುವೆ ನೀರಿನ ಗದ್ದೆಗಳಲ್ಲಿ ಕೂಲಿಗೆ ನೆಲ್ಲಿನ ಸಸಿ ಹಚ್ಚಿ ಅತ್ತೆ ಯಂಕಮ್ಮನನ್ನು ಸಾಕುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಶಾಲೆಯ ಪಡಸಾಲೆ ಸೇರಿದರು.

ನೀರು ಇಳಿದ ಮೇಲೆ ಬಿದ್ದ ಮನೆಗಳ ಫೋಟೊ ತೆಗೆದು ಪರಿಹಾರ ಬರೆದುಕೊಳ್ಳಲು ಸರ್ಕಾರದವರು ಬಂದರು. ಅವತ್ತೇ ದೇವಕಮ್ಮ ಜ್ವರ ಬಂದ ಅತ್ತೆಯನ್ನು ಸುರಪುರದ ದವಾಖಾನೆಗೆ ಕರೆದೊಯ್ದಿದ್ದಳು. ಪಂಚಾಯಿತಿ ಮೆಂಬರ್ ಸಂಗಣ್ಣ ಅವಳ ಬಿದ್ದ ಗೋಡೆಯ ಮುಂದೆ ತಾನೇ ನಿಂತು, ಅದು ತನ್ನ ಮನೆಯೆಂದು ಬರೆಸಿ ಫೋಟೊ ತೆಗೆಸಿಕೊಂಡ. ಅವನ ಸ್ವಂತ ಮನೆಗೆ ಹೊಳೆಯ ನೀರು ಮುಟ್ಟಿರಲೇ ಇಲ್ಲ.

ದೇವಕಮ್ಮ ಪರಿಹಾರ ಕೇಳಲು ಹೋದಾಗ ಅವನು, "ನಿನ್ನ ಹೆಸರು ಬಂದಿಲ್ಲವ್ವ, ನಾ ಏನ್ ಮಾಡ್ಲಿ?" ಎಂದ. ಫೋಟೊದ ಸಂಗತಿ ಹೇಳಿದವಳು ಪಕ್ಕದ ಮನೆಯ ಚಮನಬೀ. ಅವಳು ಕಣ್ಣಾರೆ ಕಂಡಿದ್ದಳು. ಅದೇ ವಾರ ಯಂಕಮ್ಮ ಶಾಲೆಯ ಬರಿನೆಲದ ಮೇಲೆ ಪ್ರಾಣ ಬಿಟ್ಟಳು. ದೇವಕಮ್ಮ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಸಂಗಣ್ಣನನ್ನು ಕಂಡಾಗಲೆಲ್ಲ ಅವಳ ಹಲ್ಲು ತಾವಾಗಿ ಕಚ್ಚಿಕೊಳ್ಳುತ್ತಿದ್ದವು.

ಮುಂದಿನ ವರ್ಷ ಮೇಲಿನಿಂದ ಹುಕುಂ ಬಂತು: ಪರಿಹಾರ ತಗೊಂಡವರು ಫೋಟೊ ತೆಗೆದ ಜಾಗದಲ್ಲೇ ಮನೆ ಕಟ್ಟಬೇಕು, ಇಲ್ಲದಿದ್ದರೆ ದುಡ್ಡು ವಾಪಸು, ಮೇಲೆ ಕೇಸು. ಸಂಗಣ್ಣ ನಗುತ್ತ ಬಂದ.

"ದೇವಕ್ಕ, ನಿನ್ನ ಜಾಗದಾಗ ಒಂದು ಮನಿ ಎಬ್ಬಸ್ತೀನಿ. ನಿನಗೂ ಒಂದು ಖೋಲಿ ಬಿಡ್ತೀನಿ, ಆತಿಲ್ಲ?"

"ಕಟ್ಟಪ್ಪ. ಒಲಿ ಮಾತ್ರ ಮೂಡಲಕ್ಕ ಇರಲಿ," ಎಂದಳು.

ಬುನಾದಿ ತೋಡಿದ ದಿನದಿಂದ ಅವಳು ಕೆಲಸದ ಹತ್ತಿರವೇ ಬೀಡುಬಿಟ್ಟಳು. ಸಿಮೆಂಟು ಕಮ್ಮಿ ಕಂಡರೆ ಗೌಂಡಿ ಲಾಡ್ಲೇಸಾಬನನ್ನು ತಡೆದು, "ಮಾಲು ಕಮ್ಮಿ ಮಾಡಬ್ಯಾಡ್ರಿ, ಇದು ಮೆಂಬರ್ ಸಾಹೇಬ್ರ ಮನಿ," ಎನ್ನುವಳು. ಸಂಗಣ್ಣ ಖುಷಿಯಾಗಿ ಕೈಯಿಂದಲೂ ಖರ್ಚು ಹಾಕಿದ.

ಮೇಲೆ ಸ್ಲ್ಯಾಬಿನ ಛತ್ತು ಕೂತು, ಕೊನೆಯ ಫೋಟೊ ಆಗಿ, ಅವನು ಬೀಗ ಹಿಡಿದು ಬಂದಾಗ ಒಳಗೆ ಹಾಲು ಉಕ್ಕುತ್ತಿತ್ತು. ದೇವಕಮ್ಮ ಗಂಟುಮೂಟೆ ಸಮೇತ ಸೇರಿಬಿಟ್ಟಿದ್ದಳು.

"ಹೊರಗ ಬಾ! ಇದು ನನ್ನ ಮನಿ!"

"ಜಾಗ ನನ್ನ ಹೆಸರಿಲಿ ಅದ. ಮನಿ ನಿಂದಿದ್ರ ನಡಿ, ತಹಶೀಲ್ ಕಚೇರಿಗೆ ಹೋಗೂಣು. ಬಿದ್ದದ್ದು ಯಾರ ಮನಿ ಅಂತ ಅಲ್ಲೇ ಹೇಳು."

ಸಂಗಣ್ಣ ಬೀಗ ಹಿಡಿದುಕೊಂಡೇ ತಿರುಗಿ ಹೋದ.

ಅಷ್ಟಕ್ಕೆ ಬಿಟ್ಟಿದ್ದರೆ ಊರು ನಕ್ಕು ಮರೆಯುತ್ತಿತ್ತು. ಆದರೆ ಪಂಚಾಯಿತಿ ಚುನಾವಣೆಗೆ ಸಂಗಣ್ಣ ಮತ್ತೆ ನಿಂತ ದಿನ, ದೇವಕಮ್ಮ ಚಮನಬೀಯನ್ನು ಕರೆದುಕೊಂಡು ತಾನೇ ತಹಶೀಲ್ ಕಚೇರಿಗೆ ಹೋಗಿ ಎಲ್ಲ ಹೇಳಿದಳು.

"ಇಷ್ಟು ದಿನ ಯಾಕ ಸುಮ್ನಿದ್ದಿ?" ಎಂದು ಸಾಹೇಬರು ಕೇಳಿದರು.

"ಮನಿಗಿ ಛತ್ತ ಕೂತಿರಲಿಲ್ಲರಿ," ಎಂದಳು.

ವಿಚಾರಣೆ ನಡೆಯಿತು. ಸಂಗಣ್ಣ ಚುನಾವಣೆ ಸೋತ. ಪರಿಹಾರದ ದುಡ್ಡು ವಾಪಸು ಕಟ್ಟಲು ಟ್ರ್ಯಾಕ್ಟರ್ ಮಾರಿದ. ಮನೆ ಮಾತ್ರ ಜಾಗದವಳಿಗೇ ಉಳಿಯಿತು. ಕೊಂಡವರು ಟ್ರ್ಯಾಕ್ಟರನ್ನು ಹುಣಸಗಿ ಕಡೆಗೆ ಒಯ್ಯುವಾಗ ದೇವಕಮ್ಮ ಕಟ್ಟೆಯ ಮೇಲೆ ಕೂತು, ಅದು ಕಾಣದಾಗುವ ತನಕ ನೋಡಿದಳು.

"ಈಗರೆ ನಿನ್ನ ಸಿಟ್ಟು ಇಳೀತೇನಬೇ?" ಎಂದಳು ಚಮನಬೀ.

"ನಮ್ಮತ್ತಿ ಈ ಒಲಿ ಮುಂದ ಕುಂತು ಒಂದ್ ರೊಟ್ಟಿ ತಿಂದಿದ್ರ ಇಳೀತಿತ್ತು," ಎಂದು ಎದ್ದು ಒಳಗೆ ಹೋದಳು.