ಹಬ್ಬದ ಮಾರನೆಯ ದಿನದ ವಿಮಾನ

ಬಸವೇಶ್ವರನಗರದ ನಮ್ಮ ಬೀದಿಯ ಗ್ಯಾರೇಜಿನಿಂದ ಥಿನ್ನರ್ ವಾಸನೆ ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಉಳಿದವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ನನಗೆ ರಾಜಾಜಿನಗರದ ನಮ್ಮ ಹಳೆಯ ಮನೆಯ ತಾರಸಿ. ನೀವೂ ಮನೆಯೊಂದನ್ನು ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ, ಗೋಡೆ ಬಾಗಿಲು ಎಲ್ಲ ಹೋದ ಮೇಲೂ ವಾಸನೆಗೆ ಮಾತ್ರ ಹಳೆಯ ವಿಳಾಸವೇ ನೆನಪಿರುತ್ತದೆ. ಆ ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆಯೊಂದಿತ್ತು. ಕೋಣೆಯಲ್ಲಿ ನಾಗರಾಜ ಚಿಕ್ಕಪ್ಪ, ಅವನ ಮುಂದೆ ಒಂದು ಹಳದಿ ವಿಮಾನ.

ಆಟದ ಸಾಮಾನು ಎಂದುಕೊಳ್ಳಬೇಡಿ. ರೆಕ್ಕೆಗಳೇ ಈ ತುದಿಯಿಂದ ಆ ತುದಿಗೆ ಹತ್ತಡಿ. ಬಾಗಿಲಲ್ಲಿ ಹಿಡಿಸದೆ ಅವನ್ನು ಬಿಚ್ಚಿ ಹೊರಗೆ ತರಬೇಕು. ಪೆಟ್ರೋಲ್ ಎಂಜಿನ್ನು, ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವಂಥದ್ದು. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡೊಂದರಲ್ಲಿ ಚಿಕ್ಕಪ್ಪ ಪೇಂಟರಾಗಿದ್ದ. ಆ ಶೆಡ್ಡು ಮುಚ್ಚಿತು, ಕೊನೆಗೆ ಉಳಿದಿದ್ದ ಒಂದು ಹಳದಿ ವಿಮಾನವನ್ನು ಅವನ ಕಣ್ಣೆದುರೇ ಗುಜರಿಗೆ ಒಡೆದರು. ಅದನ್ನೇ ಅವನು ಕಾಲುಭಾಗದ ಅಳತೆಯಲ್ಲಿ ಮತ್ತೆ ಕಟ್ಟಿದ್ದ. ಬಣ್ಣ ಹೊಡೆದಾಗ ಬೀದಿಯವರೆಲ್ಲ ಬಂದು ಹೊಗಳಿದರು. ಅವನಿಗೆ ಮಾತ್ರ ಸಮಾಧಾನವಿಲ್ಲ. "ಇದು ಅಂಗಡೀಲಿ ಕೊಂಡಂಗಿದೆ ಪುಟ್ಟಿ. ನಮ್ದು ಹಿಂಗಿರ್ಲಿಲ್ಲ" ಎಂದ.

ಅಲ್ಲಿಂದ ಶುರುವಾಯಿತು ನೋಡಿ, ಹೊಸದನ್ನು ಹಳೆಯದು ಮಾಡುವ ಕೆಲಸ. ತಿಂಗಳುಗಟ್ಟಲೆ ನಡೆಯಿತು. ಇಂಜೆಕ್ಷನ್ ಸಿರಿಂಜಿನಲ್ಲಿ ಅಂಟು ತುಂಬಿ, ಸಾಸಿವೆಯಷ್ಟು ಸಾಸಿವೆಯಷ್ಟು ಹನಿ ಇಟ್ಟು, ತಗಡಿಗೆ ಹೊಡೆದ ಮೊಳೆತಲೆಯಂಥ ರಿವೆಟ್ಟು ಮೈತುಂಬ ಮೂಡಿಸಿದ. ಸೀಮೆಎಣ್ಣೆ ಸ್ಟವ್ವಿನ ಮಸಿ ಕೆರೆದು ಎಂಜಿನ್ನಿನ ಹಿಂದೆ ಹೊಗೆಯ ಕಲೆ ಎಳೆದ. ಹೇರೋಹಳ್ಳಿಯಿಂದ ಕೆಮ್ಮಣ್ಣು ತಂದು, ಅಜ್ಜಿ ಕಾಫಿ ಸೋಸುವ ಬಟ್ಟೆಯಲ್ಲೇ ಜರಡಿ ಹಿಡಿದು ಹೊಟ್ಟೆಯಡಿ ಉಜ್ಜಿದ. ಅವನಿಗೆ ಒಂದೊಂದು ಕಲೆಯೂ ನೆನಪಿತ್ತು. ಎಡಗಡೆಯ ಈ ಎಣ್ಣೆ ಯಾವ ಕೊಳವೆಯಿಂದ ಜಿನುಗುತ್ತಿತ್ತು, ಯಾವ ಗೀರು ಅವನದೇ ಸ್ಪ್ಯಾನರ್ ಬಿದ್ದು ಆದದ್ದು, ಎಲ್ಲ. ಬಟ್ಟೆ ಹಾಳಾದ ಸಿಟ್ಟಿಗೆ ಅಜ್ಜಿ, "ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಹಳೇದು ಹೆಂಗಿರುತ್ತೆ ಅಂತ ಅಷ್ಟು ಯೋಚ್ನೆ ಯಾಕೋ? ನನ್ ಮುಖ ನೋಡ್ಕೊಂಡು ಬಳಿ" ಎನ್ನುತ್ತಿದ್ದಳು. ನನಗೂ ಒಂದು ಸಾಲು ರಿವೆಟ್ಟು ಇಡಲು ಬಿಟ್ಟ. ಇಟ್ಟ ಮೇಲೆ ಒಂದು ನೋಟ್‌ಬುಕ್ಕು ಮುಂದೆ ಹಿಡಿದ. "ಶೆಡ್ಡಲ್ಲಿ ಯಾವ ಕೆಲ್ಸ ಆದ್ರೂ ಮಾಡಿದೋರ ಹೆಸರು ಬರೀಬೇಕು ಕಣೇ. ನಾಳೆ ಮೇಲೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?" ನಾನು ಬರೆದೆ: ರಿವೆಟ್ ಇಟ್ಟವರು, ಪುಟ್ಟಿ. ಹತ್ತು ವರ್ಷದವಳಿಗೆ ಅದು ಪರೀಕ್ಷೆ ಪಾಸಾದಷ್ಟು ಜಂಬದ ವಿಷಯವಾಗಿತ್ತು.

ಇನ್ನು ಬಾಕಿಯಿದ್ದದ್ದು ಆ ಕಲೆಗಳೆಲ್ಲ ಅಳಿಸದಂತೆ ಮೇಲೊಂದು ಕೋಟು ವಾರ್ನಿಷ್. ಬರುವ ಭಾನುವಾರ ಕೆಂಗೇರಿಯಾಚೆಯ ಮೈದಾನದಲ್ಲಿ ಹಾರಿಸುವುದು, ನೋಡಲು ಶೆಡ್ಡಿನ ಹಳೆಯ ಗೆಳೆಯರೆಲ್ಲ ಬರುವುದು ಎಂದಾಗಿತ್ತು. ಎಲ್ಲರಿಗಿಂತ ಮುಖ್ಯವಾಗಿ ಗೋವಿಂದಪ್ಪ ಮೇಸ್ತ್ರಿಗಳು. ವಿಮಾನ ಒಡೆದ ದಿನ ಚಿಕ್ಕಪ್ಪನ ಹೆಗಲು ಹಿಡಿದು ಅತ್ತಿದ್ದವರು ಅವರು. ಅವರಿಗೆ ಅದನ್ನು ಇದ್ದ ಹಾಗೇ ತಂದು ತೋರಿಸಬೇಕು ಎನ್ನುವುದೊಂದೇ ಚಿಕ್ಕಪ್ಪನ ಆಸೆ. ಆಯುಧಪೂಜೆಯ ಬೆಳಿಗ್ಗೆ ಅವನು ವಾರ್ನಿಷ್ಷು, ಬೂದುಗುಂಬಳ ತರಲು ಹೋದ. ಅಜ್ಜಿ ಒಳಗಿನಿಂದಲೇ, "ಪುಟ್ಟಿ, ಗಾಡಿ ಗೀಡಿ ಎಲ್ಲಾ ತೊಳ್ದುಬಿಡೇ, ಕೊಳೆ ಇದ್ರೆ ಪೂಜೆ ಸಲ್ಲಲ್ಲ" ಎಂದು ಕೂಗಿದಳು. ಅಪ್ಪನ ಸ್ಕೂಟರ್ ತೊಳೆದೆ, ಸೈಕಲ್ ತೊಳೆದೆ, ಹೊಲಿಗೆ ಯಂತ್ರ ಒರೆಸಿದೆ. ಪೂಜೆ ಸಲ್ಲದೆ ಹೋಗಿ ಚಿಕ್ಕಪ್ಪನ ವಿಮಾನ ಬಿದ್ದುಬಿಟ್ಟರೆ? ಮಸಿ, ಮಣ್ಣು ಎಲ್ಲ ಬಣ್ಣವೇ ಆಗಿ ಕೂತಿದೆ, ಮೇಲಿನ ಧೂಳಷ್ಟೇ ಹೋಗುತ್ತದೆ ಎಂದುಕೊಂಡು ಸೋಪಿನ ನೀರು, ಬಟ್ಟೆ ಹಿಡಿದು ತಾರಸಿ ಹತ್ತಿದೆ. ಮೂಗಿನಿಂದ ಉಜ್ಜುತ್ತ ಬಂದು, ಕೊನೆಗೆ ಬಾಲದ ಅಡಿಗೆ ಬರಿಗೈ ಹಾಕಿ ಒಮ್ಮೆ ಒರೆಸಿದಾಗ ಬಕೆಟ್ಟು ಕಣ್ಣಿಗೆ ಬಿತ್ತು. ನೀರು ಕಪ್ಪಾಗಿತ್ತು. ತಲೆ ಎತ್ತಿ ನೋಡಿದರೆ ವಿಮಾನ ಅಂಗಡಿಯಲ್ಲಿ ಕೊಂಡ ಹಾಗಿತ್ತು.

ಮೇಲೆ ಬಂದ ಅಜ್ಜಿ ಬಕೆಟ್ಟು ನೋಡಿದಳು, ನನ್ನ ಮುಖ ನೋಡಿದಳು, ಬೈಯಲಿಲ್ಲ. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ತನ್ನ ಎರಡೂ ಕೈಯನ್ನು ಆ ಕೊಳೆ ನೀರಿನಲ್ಲಿ ಅದ್ದಿದಳು. ಚಿಕ್ಕಪ್ಪ ಬಂದಾಗ, "ನಾನೇ ಒರೆಸ್ದೆ ಕಣೋ ನಾಗ. ಗೊತ್ತಾಗ್ಲಿಲ್ಲ" ಎಂದಳು. ಅವನು ವಾರ್ನಿಷ್ ಡಬ್ಬಿ ಕೆಳಗಿಟ್ಟ. ಬಹಳ ಹೊತ್ತು ನೋಡಿ, "ಆಯ್ತು ಬಿಡಮ್ಮ" ಎಂದು ಮೆಟ್ಟಿಲು ಇಳಿದುಹೋದ. ಪೂಜೆಯಲ್ಲಿ ಅವನೇ ಪ್ರೊಪೆಲ್ಲರಿಗೆ ಕುಂಕುಮ ಇಟ್ಟ, ಸೇವಂತಿಗೆ ಹಾರ ಹಾಕಿದ. ಭಾನುವಾರದವರೆಗೂ ಹೇಳಿಬಿಡೋಣ ಎಂದು ಹೋಗುವುದು, ಅವನ ಮುಖ ನೋಡಿ ಹಿಂದೆ ಬರುವುದು. ಹೇಡಿ ನಾನು, ಹೇಳಲೇ ಇಲ್ಲ.

ಕೆಂಗೇರಿಯ ಮೈದಾನದಲ್ಲಿ ಮೇಸ್ತ್ರಿಗಳು ಕೋಲೂರಿಕೊಂಡು ವಿಮಾನದ ಸುತ್ತ ಒಂದು ಸುತ್ತು ಬಂದರು. "ಇದೇನೋ ನಾಗ, ಇಷ್ಟು ಕ್ಲೀನಾಗಿದೆ?" ಎಂದರು. ಚಿಕ್ಕಪ್ಪ ತಲೆ ತಗ್ಗಿಸಿ, "ಮನೇಲಿ ಹಬ್ಬಕ್ಕೆ ತೊಳ್ದುಬಿಟ್ರು ಸಾರ್" ಎಂದ. ನಾನು ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡೆ. ಮೇಸ್ತ್ರಿಗಳು ಬಗ್ಗಿ ಪ್ರೊಪೆಲ್ಲರಿನ ಕುಂಕುಮ ಮುಟ್ಟಿದರು, ಗಾಲಿಗೆ ಅಂಟಿದ್ದ ಸೇವಂತಿಗೆ ಎಸಳು ನೋಡಿದರು. ಹಾಗೇ ನೆಲದ ಮೇಲೆ ಕೂತುಬಿಟ್ಟರು. "ಸರಿಯಾಗೇ ಇದೆಯಲ್ಲೋ! ಹಬ್ಬದ ಮಾರನೇ ದಿನ ನಮ್ಮ ಹಳದಿ ಹಿಂಗೇ ಇರ್ತಿತ್ತು. ಒಂದು ವರ್ಷನಾದ್ರೂ ನಾವು ಅದನ್ನ ತೊಳೀದೆ ಪೂಜೆ ಮಾಡಿದ್ವಾ?" ಚಿಕ್ಕಪ್ಪ ಹೊಸದಾಗಿ ಕಂಡವನಂತೆ ವಿಮಾನವನ್ನು ನೋಡಿದ. ಆಮೇಲೆ ನಗತೊಡಗಿದ, ಕಣ್ಣೊರೆಸಿಕೊಂಡು ನಕ್ಕ. ನನಗೆ ಹೋದ ಜೀವ ಬಂತು. ಗಾಲಿಯಡಿ ನಿಂಬೆಹಣ್ಣು ಇಟ್ಟು ಹತ್ತಿಸಿದರು, ವಿಮಾನ ಗುಡುಗುತ್ತ ಓಡಿ ಮೇಲೆದ್ದಿತು, ಎರಡು ಸುತ್ತು ಹಾಕಿ ನೆಟ್ಟಗೆ ಇಳಿಯಿತು. ಇಳಿದಾಗ ಹೊಟ್ಟೆಯ ತುಂಬ ನಿಜವಾದ ಕೆಮ್ಮಣ್ಣು. ಅದೇ ಸಂಜೆ ಚಿಕ್ಕಪ್ಪ ಇದ್ದದ್ದು ಇದ್ದ ಹಾಗೇ ವಾರ್ನಿಷ್ ಹೊಡೆದ.

ಅಜ್ಜಿ ಹೋದಳು, ಮನೆ ಹೋಯಿತು, ಅಲ್ಲೀಗ ನಾಲ್ಕಂತಸ್ತಿನ ಕಟ್ಟಡವಿದೆ. ಹೋದ ವರ್ಷ ಚಿಕ್ಕಪ್ಪನೂ ಹೋದ. ತೊಳೆದವಳು ನಾನು ಎಂದು ಕೊನೆಗೂ ಅವನಿಗೆ ಹೇಳಲಿಲ್ಲವಲ್ಲ ಎನ್ನುವುದು ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಚಿಕ್ಕಪ್ಪ ಕೊನೆಗಾಲದಲ್ಲಿದ್ದ ನಂದಿನಿ ಲೇಔಟಿನ ಮನೆಯಲ್ಲಿ ಚಿಕ್ಕಮ್ಮ, "ನಿಂಗೇ ಕೊಡ್ಬೇಕು ಅಂತಿದ್ರು ಕಣೇ" ಎಂದು ರೆಕ್ಕೆ ಬಿಚ್ಚಿಟ್ಟಿದ್ದ ವಿಮಾನ ತೋರಿಸಿದಾಗ ಅದನ್ನು ಮೆಲ್ಲಗೆ ಮಗುಚಿದೆ. ಬಾಲದ ಅಡಿಯಲ್ಲಿ ಮಸಿ ಹಾಗೇ ಇತ್ತು. ಮಸಿಯ ನಡುವೆ ನಾಲ್ಕು ಪುಟ್ಟ ಬೆರಳು ಎಳೆದ ಗೆರೆ, ವಾರ್ನಿಷ್ಷಿನ ಕೆಳಗೆ ಭದ್ರವಾಗಿ. ಪಕ್ಕದಲ್ಲಿ ಚಿಕ್ಕಪ್ಪನ ಕೈಬರಹದ ಸಣ್ಣ ಬಿಳಿ ಅಕ್ಷರ: ತೊಳೆದವರು, ಪುಟ್ಟಿ.

ಚಿಕ್ಕಮ್ಮ ಗಾಬರಿಯಾಗುವಷ್ಟು ಅತ್ತೆ, ಅತ್ತು ಹಗುರಾದೆ. ಈ ಸಲದ ಆಯುಧಪೂಜೆಗೆ ಸ್ಕೂಟರ್ ತೊಳೆದೆ, ಮಿಕ್ಸಿ ಒರೆಸಿದೆ. ವಿಮಾನಕ್ಕೆ ಕುಂಕುಮ ಇಟ್ಟು ಗಾಲಿಯಡಿ ನಿಂಬೆಹಣ್ಣು ಇಟ್ಟೆ. ಅದನ್ನು ತೊಳೆಯಲಿಲ್ಲ. ಆ ಕೆಲಸ ಎಂದೋ ಆಗಿದೆ, ಮಾಡಿದವರ ಹೆಸರೂ ಬರೆದಾಗಿದೆ.