ಸಿಡುಬಿನ ಮನೆಗೆ ಹೋದ ಇನಾಸ

ಹೊನ್ನಾವರದ ಬಡಗಿ ಇನಾಸನ ಮುಖದ ತುಂಬ ಹಳೆಯ ಕಲೆಗಳಿದ್ದವು. ತಾಯಿತಂದೆ ಬೇಗ ತೀರಿಕೊಂಡಿದ್ದರಿಂದ ಅವು ದೊಡ್ಡ ಸಿಡುಬಿನವೋ, ಬರೀ ಸೀತಾಳೆ ಸಿಡುಬಿನವೋ ಹೇಳುವವರಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ, ಶರಾವತಿಯ ನಡುವಿನ ಮಾವಿನಕುರ್ವೆ ದ್ವೀಪದಲ್ಲಿ ರುಜಾರ, ಅವನ ಹೆಂಡತಿ ನತಾಲ, ಐದು ವರ್ಷದ ಮಗಳು, ಈ ಮೂವರೂ ಸಿಡುಬಿನಿಂದ ಹಾಸಿಗೆ ಹಿಡಿದರು. ನೆರೆಯವರು ನೀರು ಕೊಡಲೂ ಹೆದರಿದರು. ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು, ಒಮ್ಮೆ ಸಿಡುಬು ಬಂದವರಿಗೆ ಅದು ಮತ್ತೆ ಬರುವುದಿಲ್ಲ, ಅಂಥವರು ಯಾರಾದರೂ ಹೋಗುತ್ತೀರಾ ಎಂದು ಕೇಳಿದರು. ಇಗರ್ಜಿಯಲ್ಲಿದ್ದವರೆಲ್ಲ ತಿರುಗಿ ಇನಾಸನನ್ನು ನೋಡಿದರು.

ಅವನು ಬಟ್ಟೆಯ ಗಂಟು ಕಟ್ಟುವಾಗ ಬಸುರಿ ಹೆಂಡತಿ ಕಾರ್ಮಿಣಿ ಬಾಗಿಲಿಗೆ ಅಡ್ಡ ನಿಂತಳು.

"ನಿಮಗೆ ಬಂದದ್ದು ಅದೇ ಅಂತ ಕಂಡವ್ರು ಯಾರು?"

"ಯಾರೂ ಇಲ್ಲ. ಅಲ್ಲಿ ನೀರು ಕೊಡುವವ್ರೂ ಇಲ್ಲ," ಎಂದ ಇನಾಸ.

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಅಕ್ಕಿ ಅಳೆದು ಕೊಟ್ಟಳು.

ದೋಣಿ ನಡೆಸುವ ಜಟ್ಟಿ ದಡ ಮುಟ್ಟಲು ಹೆದರಿ ಅವನನ್ನು ಮೊಣಕಾಲುದ್ದದ ನೀರಿನಲ್ಲೇ ಇಳಿಸಿ ಹಿಂದಿರುಗಿದ. ರುಜಾರನ ಮನೆಯೊಳಗೆ ಉಸಿರಾಡುವುದೇ ಕಷ್ಟವಾಗಿತ್ತು. ಮಗುವಿನ ಕಣ್ಣುಗಳು ಬಾತು ಮುಚ್ಚಿಹೋಗಿದ್ದವು. ಇನಾಸ ಮೂವರನ್ನೂ ಬಾಳೆಲೆ ಹಾಸಿ ಮಲಗಿಸಿ, ಗಂಜಿತಿಳಿಯನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟ. ಇಗರ್ಜಿಗೆ ಸೇರಿದ ಮನೆಗಳವರು ಸರದಿಯ ಮೇಲೆ ಎಳನೀರು, ಹಳೆಯ ಪಂಚೆ ಕಳಿಸಿದರು. ಜಟ್ಟಿ ಅವನ್ನು ದಡದ ಕಲ್ಲಿನ ಮೇಲಿಟ್ಟು ಕೂಗಿ ಹೋಗುತ್ತಿದ್ದ.

ನತಾಲ ಉಳಿಯಲಿಲ್ಲ. ಅಡುಗೆಮನೆಯ ಬಾಗಿಲು ಕಳಚಿ ಇನಾಸ ಪೆಟ್ಟಿಗೆ ಮಾಡಿದ. ಒಬ್ಬನೇ ಗುಂಡಿ ಅಗೆದು, ಬಾಯಿಗೆ ಬಂದ ಪ್ರಾರ್ಥನೆ ಹೇಳಿ ಮಣ್ಣು ಮಾಡಿದ. ಒಳಗೆ ಬಂದಾಗ ರುಜಾರನಿಗೆ ಎಚ್ಚರವಾಗಿತ್ತು.

"ನತಾಲ ಎಲ್ಲಿ?"

"ಮಗು ಗಂಜಿ ಕುಡೀತು," ಎಂದ ಇನಾಸ. ರುಜಾರ ಗೋಡೆಗೆ ಮುಖ ತಿರುಗಿಸಿದ.

ತಂದೆ ಮಗಳ ಹಕ್ಕಳೆ ಉದುರತೊಡಗಿದಾಗ ಇನಾಸನಿಗೇ ಜ್ವರ ಬಂತು. ಸುದ್ದಿ ಕೇಳಿ ಕಾರ್ಮಿಣಿ ಆಚೆ ದಡದಲ್ಲಿ ಬಂದು ಕುಳಿತಳು. ಅವನು ಹೊರಗಿನ ಮಾಡಿನಡಿ ಬೇರೆಯಾಗಿ ಮಲಗಿ, ಬೆಳಕು ಹರಿದೊಡನೆ ಅಂಗೈ, ತೋಳು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಈಗ ರುಜಾರನೇ ಗೋಡೆ ಹಿಡಿದು ಬಂದು ಅವನಿಗೆ ನೀರಿಡುತ್ತಿದ್ದ. ಗುಳ್ಳೆ ಏಳಲಿಲ್ಲ. ಬೆವರು ಬಂದು ಜ್ವರ ಇಳಿಯಿತು.

ರುಜಾರ ಚೇತರಿಸಿಕೊಂಡ ಮೇಲೆ ಇನಾಸ ಅವನನ್ನು ನತಾಲಳನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದ. ಆ ಮಳೆಗಾಲವಿಡೀ ರುಜಾರನ ಮಗಳು ಕಾರ್ಮಿಣಿಯ ಮನೆಯಲ್ಲೇ ಬೆಳೆದಳು. ಅಲ್ಲಿ ಹೊಸದಾಗಿ ಹುಟ್ಟಿದ ಕೂಸಿನ ತೊಟ್ಟಿಲು ತೂಗುವ ಕೆಲಸವನ್ನು ಆ ಹುಡುಗಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.